ಪಾಂಡವಪುರದವನ ಬಿಲ್ಲೆ

ಹೊಟ್ಟೆಕಿಚ್ಚು ಪಡುವುದಕ್ಕೆ ಬೇರೆಯವರಿಗೆ ಪಕ್ಕದವನ ಗದ್ದೆ ಬೇಕು, ಅಣ್ಣತಮ್ಮಂದಿರ ಮನೆ ಬೇಕು, ಭಾವಮೈದುನನ ಸ್ಕೂಟರ್ ಬೇಕು. ನನಗೆ ಒಂದು ರೂಪಾಯಿ ನಾಣ್ಯದಗಲದ ಬಿಲ್ಲೆ ಸಾಕಾಯಿತು. ಆ ಬಿಲ್ಲೆ ಪಾಂಡವಪುರದ ಒಬ್ಬ ಹುಡುಗನ ಗಿಟಾರಿನ ಮೇಲಿತ್ತು. ನನ್ನ ಗಿಟಾರಿನ ಮೇಲೆ ಇರಲಿಲ್ಲ. ಅಷ್ಟೇ ವಿಷಯ. ಅಷ್ಟಕ್ಕೇ ಎರಡು ತಿಂಗಳು ನನಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಕಚೇರಿಯ ಗುಮಾಸ್ತ. ಬೆಳಗೊಳದಲ್ಲಿ ಬಾಡಿಗೆ ಮನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ನಾಲೆಗೆ ಎಷ್ಟು ನೀರು ಬಿಟ್ಟರು ಎಂದು ಬರೆಯುವುದು, ಭಾನುವಾರ ಮತ್ತು ಮದುವೆ ಕಾಲದಲ್ಲಿ ಶ್ರೀರಂಗಪಟ್ಟಣದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುವುದು. ಆರ್ಕೆಸ್ಟ್ರಾ ನಡೆಸುತ್ತಿದ್ದವರಿಗೆ ಪಟ್ಟಣದಲ್ಲಿ ಸೈಕಲ್ ಅಂಗಡಿ ಇತ್ತು. ಹಾಡುವವರೂ ಅವರೇ. ನಾವೆಲ್ಲ ಅವರನ್ನು ಯಜಮಾನರು ಅನ್ನುತ್ತಿದ್ದೆವು. ಒಳ್ಳೆಯ ಕಂಠ, ಬಾಯಿ ಮಾತ್ರ ಮರ ಉಜ್ಜುವ ಉಪ್ಪುಕಾಗದ.

ನನ್ನದು ಬರೀ ಮರದ ಗಿಟಾರು. ಅದಕ್ಕೆ ಕರೆಂಟಿನ ಸಂಬಂಧವೇ ಇಲ್ಲ. ಮನೆಯ ಜಗುಲಿಯಲ್ಲಿ ಕೂತು ನುಡಿಸಿದರೆ ಎದುರುಮನೆಯವರಿಗೂ ಕೇಳುತ್ತಿತ್ತು. ಚಪ್ಪರದ ಕೆಳಗೆ ಐನೂರು ಜನರ ಮುಂದೆ ನುಡಿಸಿದರೆ ನನ್ನ ಮೊಣಕಾಲಿಗೆ ಮಾತ್ರ ಕೇಳುತ್ತಿತ್ತು. ಮೈಕ್‌ಸೆಟ್ಟಿನವರು ಒಳ್ಳೆಯ ಮೈಕನ್ನು ಹಾಡುವವರಿಗೆ ಕೊಡುತ್ತಿದ್ದರು, ಅದಕ್ಕಿಂತ ಸುಮಾರಾದ್ದನ್ನು ಡೋಲಕ್ಕಿಗೆ. ಕೊನೆಗೆ ಉಳಿದ, ತಲೆ ನೆಗ್ಗಿದ ಮೈಕು ನನಗೆ. ಅದರ ಸ್ಟ್ಯಾಂಡು ನಿಲ್ಲುತ್ತಲೇ ಇರಲಿಲ್ಲ, ಕುತ್ತಿಗೆ ಇಳಿಬಿಡುತ್ತಿತ್ತು. ನನ್ನ ಟವೆಲನ್ನೇ ಸುತ್ತಿ ಬಿಗಿದು ನಿಲ್ಲಿಸುತ್ತಿದ್ದೆ. ಆ ಕಡೆ ಒಂದು ಗೇಣು ಸರಿದರೆ ಸದ್ದು ಇಲ್ಲ, ಈ ಕಡೆ ಒಂದು ಗೇಣು ಬಂದರೆ ಕುಂಯ್ಯೋ ಎಂದು ಕಿರುಚು. ಕಿರುಚಿದ ತಕ್ಷಣ ಮೈಕ್‌ಸೆಟ್ಟಿನವನು ಕಣ್ಣು ಕೆಂಪು ಮಾಡಿ ನನ್ನ ಮೈಕಿನ ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸುತ್ತಿದ್ದ. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೆ ಏರಿಸುತ್ತಿರಲಿಲ್ಲ.

ಒಂದು ಸಲ ಟೇಪ್‌ರೆಕಾರ್ಡರಿನ ಸಣ್ಣ ಮೈಕು ಕಿತ್ತು ಗಿಟಾರಿನ ತೂತಿನೊಳಗೆ ಅಂಟಿಸಿದೆ. ಆವತ್ತು ಸ್ವತಃ ಗಿಟಾರೇ ಹಾಲಿಗೆ ಅಳುವ ಮಗುವಿನ ಹಾಗೆ ಅರಚಿತು. ಮದುಮಗಳ ಅಜ್ಜಿ ಕಿವಿ ಮುಚ್ಚಿಕೊಂಡು ಎದ್ದುಹೋದರು. ಇನ್ನೊಂದು ಸಲ ನನ್ನ ಹೆಂಡತಿ ಮದುವೆಯೊಂದಕ್ಕೆ ಬಂದು ಮೊದಲ ಸಾಲಿನಲ್ಲೇ ಕೂತು ಎಲ್ಲ ಹಾಡು ಕೇಳಿದಳು. ಮನೆಗೆ ಬಂದ ಮೇಲೆ, "ಎಲ್ಲಾ ಚೆಂದಾಗಿತ್ತು. ನೀವು ಬಾರ್ಸಿದ್ದು ಯಾವ ಹಾಡ್ಗೆ?" ಎಂದು ಕೇಳಿದಳು. ಕುಹಕವಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಗಿಟಾರಿಗೆ ಆರು ತಂತಿ. ದಪ್ಪನೆಯ ಮೂರು ಬೇಗ ಹಾಳಾಗುವುದಿಲ್ಲ. ತೆಳ್ಳನೆಯ ಮೂರು, ರಾಗ ನುಡಿಸುವಂಥವು, ತಿಂಗಳಿಗೊಮ್ಮೆ ಟಣ್ಣೆಂದು ಹರಿದು ಮುಖಕ್ಕೆ ಹೊಡೆಯುತ್ತಿದ್ದವು. ಪ್ರತಿ ಸಲ ಮೈಸೂರಿಗೆ ಓಡಬೇಕು. ಹಿನ್ನೀರಿನ ಕಡೆ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ನೈಲಾನ್ ದಾರ ಇದೆಯಲ್ಲ, ಅದನ್ನು ಒಬ್ಬರ ಹತ್ತಿರ ಇಸಿದುಕೊಂಡು ತೆಳ್ಳನೆಯ ಮೂರರ ಜಾಗಕ್ಕೆ ಬಿಗಿದೆ. ಏನು ಸೊಗಸಾಗಿ ಕೂತಿತು! ಹರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬೆರಳು ಕೊಯ್ಯುವುದಿಲ್ಲ, ನಾದವೂ ಮೆತ್ತಗೆ. ನನ್ನ ಈ ಬುದ್ಧಿವಂತಿಕೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆ ಹುಡುಗ ಕಣ್ಣಿಗೆ ಬಿದ್ದದ್ದು ಕೆ.ಆರ್. ಪೇಟೆಯ ಹತ್ತಿರದ ಒಂದು ಮದುವೆಯಲ್ಲಿ. ಮೈಕ್‌ಸೆಟ್ಟು ಸಂತೆಬಾಚಹಳ್ಳಿಯದು. ಅವರದೊಂದು ಪದ್ಧತಿ: ದೊಡ್ಡ ಹಾರನ್ನುಗಳನ್ನು ಚಪ್ಪರದೊಳಗಿನ ಜನರ ಕಡೆ ಕಟ್ಟುವುದಿಲ್ಲ, ಮರದ ತುದಿಗೆ ಕಟ್ಟಿ ಪಕ್ಕದೂರಿನ ಕಡೆ ತಿರುಗಿಸುತ್ತಾರೆ. "ಇಲ್ಲಿ ಕುಂತವ್ರು ಎಂಗೂ ಕೇಳ್ತಾರೆ ಬುಡಿ. ಆ ಊರ್ನೋರ್ಗೆ ಕೇಳ್ಬೇಕು, ಇಲ್ಲಿ ಮದ್ವೆ ನಡೀತಾ ಅದೆ ಅಂತ" ಎನ್ನುವುದು ಅವರ ವಾದ. ಬೀಗರ ಮರ್ಯಾದೆ ಎಷ್ಟು ಮೈಲಿ ಕೇಳಿಸುತ್ತದೆ ಎನ್ನುವುದರ ಮೇಲಿತ್ತು.

ಆವತ್ತೂ ನನ್ನದು ಟವೆಲ್ ಸುತ್ತಿದ ಮೈಕೇ. ನಾಲ್ಕು ಹಾಡಾದ ಮೇಲೆ ಮದುಮಗ ಕೂತಲ್ಲಿಂದಲೇ ಯಜಮಾನರನ್ನು ಕರೆದು, ನನ್ನ ಸ್ನೇಹಿತ ಬಂದಿದ್ದಾನೆ, ಅವನದೂ ಒಂದು ಹಾಡು ಆಗಲಿ ಎಂದ. ಗಿಟಾರ್ ಹಿಡಿದು ಒಬ್ಬ ವೇದಿಕೆಗೆ ಬಂದ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು, ತೆಳ್ಳಗೆ, ಎಣ್ಣೆ ಹಚ್ಚಿ ಬಾಚಿದ ತಲೆ. ಪಾಂಡವಪುರದ ಕಡೆಯವನಂತೆ, ಹಾಲಿನ ಡೈರಿಯಲ್ಲಿ ಹಾಲಿಗೆ ಡಿಗ್ರಿ ನೋಡುವ ಕೆಲಸವಂತೆ. ನೀರು ಬೆರೆಸಿದ್ದನ್ನು ಕಂಡುಹಿಡಿಯುವವನು ಇವನು, ನೀರಿನ ಲೆಕ್ಕ ಬರೆಯುವವನು ನಾನು ಎಂದು ಮನಸ್ಸಿನಲ್ಲೇ ನಕ್ಕೆ. ಆ ನಗು ಅಲ್ಲಿಗೇ ಕೊನೆ.

ಅವನು ಮೈಕು ಕೇಳಲಿಲ್ಲ. ಗಿಟಾರಿನ ಮುಖದ ಮೇಲೆ ತಂತಿಗಳು ಕೊನೆಯಾಗುವ ಕಡೆ ಒಂದು ಪುಟ್ಟ ಬಿಲ್ಲೆ ಮೆತ್ತಿತ್ತು. ಅದರಿಂದ ಒಂದು ವೈರು. ಆ ವೈರನ್ನು ಮೈಕ್‌ಸೆಟ್ಟಿನವನಿಗೆ ಕೊಟ್ಟು, "ಸಿಕ್ಸಿ ಅಣ್ಣ, ಅರ್ಧಕ್ಕೆ ಮಡಗಿ ಸಾಕು" ಎಂದ. ಬೆರಳಾಡಿಸಿದ.

ಅಯ್ಯೋ ಶಿವನೇ! ಒಂದೊಂದು ತಂತಿಯೂ ಬೇರೆ ಬೇರೆ ಕೇಳಿತು. ಗಿಟಾರಿನ ಕುತ್ತಿಗೆಯ ಮೇಲೆ ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಸರ್ ಎನ್ನುವ ಸದ್ದೂ ಕೇಳಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಎಲೆ ಹಾಕಲು ಹೊರಟಿದ್ದ ಬೀಗರು ನಡುವೆ ನಿಂತುಬಿಟ್ಟರು. ಅವನು ಓಡಾಡಿಕೊಂಡು ನುಡಿಸಿದ, ನಗುತ್ತಾ ನುಡಿಸಿದ, ಬೆನ್ನು ತಿರುಗಿಸಿಕೊಂಡು ಡೋಲಕ್ಕಿನವನಿಗೆ ಕಣ್ಣು ಹೊಡೆದು ನುಡಿಸಿದ. ನಾನು ಏಳು ವರ್ಷ ಒಂದು ಗೇಣು ಆಚೀಚೆ ಅಲುಗಾಡದೆ, ಕುತ್ತಿಗೆ ಹಿಡಿದವನ ಹಾಗೆ ಕೂತು ನುಡಿಸಿದ್ದೆನಲ್ಲ!

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳು ಹೇಳುವುದೇಕೆ. ಅವನ ತಂತಿ ಹರಿಯಲಿ ಎಂದು ಬೇಡಿಕೊಂಡೆ. ಕರೆಂಟು ಹೋಗಲಿ ಎಂದುಕೊಂಡೆ. ಬೇರೆ ದಿನವೆಲ್ಲ ಹೋಗುವ ಕರೆಂಟು, ಹಾಳಾದ್ದು, ಆವತ್ತು ಹೋಗಲಿಲ್ಲ. ಹಾಡು ಮುಗಿದ ಮೇಲೆ ಅವನು ನೇರ ನನ್ನ ಹತ್ತಿರ ಬಂದು, ನನ್ನ ಗಿಟಾರನ್ನು ಮುಟ್ಟಿ ನೋಡಿ, ಗಾಳದ ದಾರವನ್ನು ಉಗುರಿನಿಂದ ಮೀಟಿ, "ಭಲೇ ಅಣ್ಣ, ಎಂಥಾ ಐಡಿಯಾ!" ಎಂದ. ಅಣಕಿಸುತ್ತಿದ್ದಾನೆ ಎಂದೇ ನಾನು ತಿಳಿದೆ.

ವಾಪಸು ಬರುವಾಗ ಮ್ಯಾಟಡೋರು ವ್ಯಾನಿನಲ್ಲಿ ಯಜಮಾನರು ಕೆ.ಆರ್. ಪೇಟೆ ದಾಟುವವರೆಗೆ ಆವತ್ತಿನ ದುಡ್ಡು ಎಣಿಸಿದರು. ಆಮೇಲೆ ಮುಂದಿನ ಸೀಟಿನಿಂದಲೇ ಹೇಳಿದರು: "ನೋಡ್ಲಾ, ಬೇಜಾರ್ ಮಾಡ್ಕಬ್ಯಾಡ. ನೀನು ಏನ್ ಬಾರುಸ್ತೀಯೋ ನಂಗೆ ಇವತ್ತಿನ್ಗಂಟ ಗೊತ್ತಿಲ್ಲ. ಕೇಳ್ಸುದ್ರಲ್ವಾ ಗೊತ್ತಾಗದು? ಆ ಉಡ್ಗುನ್ದು ಎಂಗೆ ಕೇಳುಸ್ತು! ನಾಗಮಂಗಲದ ರಾಜ್ಯೋತ್ಸವಕ್ಕೆ ಅವ್ನ್ಗೂ ಬಾ ಅಂದಿವ್ನಿ. ನೀನೂ ಬಾ. ಇಬ್ರೂ ಬಾರ್ಸಿ. ಬರೋ ಮದ್ವೆ ಸೀಸನ್ನಿಗೆ ಒಬ್ಬುನ್ನೇ ಮಡಿಕ್ಕಳದು ನಾನು."

ಏಳು ವರ್ಷದ ನನ್ನ ಜಾಗ. ಕಚೇರಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಾಲೆ ಗುಮಾಸ್ತ ಎನ್ನುತ್ತಿದ್ದರು. ಬೆಳಗೊಳದ ಬೀದಿಯಲ್ಲಿ ಗಿಟಾರಿನವರು ಎನ್ನುತ್ತಿದ್ದರು. ಆ ಎರಡನೆಯದು ಹೋದರೆ ನಾನು ಏನು? ರಾಜ್ಯೋತ್ಸವಕ್ಕೆ ಇನ್ನು ಎರಡು ತಿಂಗಳಿತ್ತು. ಅಷ್ಟರೊಳಗೆ ನನ್ನ ಗಿಟಾರಿನ ಸದ್ದು ಹೊರಗೆ ಬರುವ ಹಾಗೆ ಮಾಡಲೇಬೇಕಿತ್ತು.

ಒಂದು ಶನಿವಾರ ಮಧ್ಯಾಹ್ನ ನಾಚಿಕೆ ಬಿಟ್ಟು ಪಾಂಡವಪುರಕ್ಕೆ ಹೋದೆ. ಅವನು ಡೈರಿಯಿಂದ ಬರುವುದಕ್ಕೂ ನಾನು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದಕ್ಕೂ ಸರಿಹೋಯಿತು. ಟೀ ಕುಡಿಸಿದ, ಬೇಡವೆಂದರೂ ಬನ್ನು ತಿನ್ನಿಸಿದ. ಯಾವುದೋ ಸಂಬಂಧಿಕರ ಹುಡುಗನಿಗೆ ಬೇಕಂತೆ ಎಂದು ಸುಳ್ಳು ಹೇಳಿ, ಮೈಸೂರಿನಲ್ಲಿ ಅವನ ಬಿಲ್ಲೆಯಂಥದ್ದು ಏನೇನು ಸಿಗುತ್ತದೆ ಎಂದು ಕೇಳಿದೆ. ಅವನಿಗೆ ತಕ್ಷಣ ತಿಳಿಯಿತು. ನಕ್ಕ.

"ಎರಡು ತರ ಬತ್ತದೆ ಕಣಣ್ಣ. ಒಂದು ನನ್ದಂಗೆ ಬಿಲ್ಲೆ, ಮರಕ್ಕೆ ಮೇಣ ಹಚ್ಚಿ ಮೆತ್ತದು. ಇನ್ನೊಂದು ಮ್ಯಾಗ್ನೆಟ್ಟಿಂದು, ತೂತಿಗೆ ಅಡ್ಡ ಸಿಕ್ಸದು. ನೋಡಕ್ಕೆ ಜೋರಾಗದೆ, ರೇಟೂ ಜೋರು. ನೀನು ಮ್ಯಾಗ್ನೆಟ್ಟಿಂದು ಮಾತ್ರ ತಗಬ್ಯಾಡ. ಬಿಲ್ಲೇನೇ ತಗೊ. ಯಾಕೆ ಅಂದ್ರೆ ನಿನ್ ಗಿಟಾರ್ಗೆ..."

ಅಷ್ಟರಲ್ಲಿ ಮೈಸೂರು ಬಸ್ಸು ಬಂತು. ಕಂಡಕ್ಟರು ಸೀಟಿ ಊದಿದ. ನಾನು ಅವನ ಮಾತು ಮುಗಿಯುವವರೆಗೆ ಕಾಯಲಿಲ್ಲ, ಆಯ್ತು ಬರ್ತೀನಿ ಎಂದು ಓಡಿ ಹತ್ತಿದೆ. ಬಸ್ಸು ರೈಲ್ವೆ ಗೇಟು ದಾಟುವಷ್ಟರಲ್ಲಿ ನನ್ನ ತಲೆ ಕೆಲಸ ಶುರುಮಾಡಿತು. ಇವನೇಕೆ ನನಗೆ ನಿಜ ಹೇಳುತ್ತಾನೆ? ನನ್ನ ಜಾಗಕ್ಕೆ ಬರುವವನು ಇವನೇ. ಇವನ ಜಾಗದಲ್ಲಿ ನಾನಿದ್ದು, ಇವನು ಬಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಖಂಡಿತ ತಪ್ಪು ಹೇಳುತ್ತಿದ್ದೆ, ಅದೂ ಟೀ ಕುಡಿಸಿ, ಬನ್ನು ತಿನ್ನಿಸಿ, ನಗುನಗುತ್ತಾ ಹೇಳುತ್ತಿದ್ದೆ. ಹಾಗಾದರೆ ಇವನು ಬೇಡ ಎಂದದ್ದೇ ಒಳ್ಳೆಯದು. ತಾ ಕಳ್ಳ, ಪರರ ನಂಬ ಎಂದು ಗಾದೆ ಮಾಡಿದವರು ಆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಿರಬೇಕು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ನನಗೆ ಅನುಮಾನವೇ ಉಳಿದಿರಲಿಲ್ಲ.

ಮೈಸೂರಿನ ಅಂಗಡಿಯವರು ವಯಸ್ಸಾದವರು, ತಾಳ್ಮೆಯವರು. ಗಾಜಿನ ಮೇಜಿನ ಮೇಲೆ ಎರಡನ್ನೂ ಇಟ್ಟರು. ಬಿಲ್ಲೆ ಅಲ್ಲಿ ಅಂಗಿಯ ಗುಂಡಿಯ ಹಾಗೆ ಬಿದ್ದಿತ್ತು. ಮ್ಯಾಗ್ನೆಟ್ಟಿನದು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಾ, ಕೈಯಲ್ಲಿ ಹಿಡಿದರೆ ತೂಕವಾಗಿ, ಮದುವಣಗಿತ್ತಿಯ ಹಾಗೆ ಮೆತ್ತನೆಯ ಬಟ್ಟೆ ಹಾಸಿದ ಡಬ್ಬಿಯಲ್ಲಿತ್ತು. ಅವರು ಅಂಗಡಿಯ ಗಿಟಾರಿಗೆ ಅದನ್ನು ಸಿಕ್ಕಿಸಿ, ಒಂದು ಸ್ಪೀಕರ್ ಪೆಟ್ಟಿಗೆಗೆ ವೈರು ಕೊಟ್ಟು ನುಡಿಸಿ ತೋರಿಸಿದರು. ಗಂಟೆ ಹೊಡೆದ ಹಾಗೆ ಕೇಳಿತು. ಬಿಲ್ಲೆಯಾದರೆ ಜೋರು ಮಾಡಿದಾಗ ಸ್ವಲ್ಪ ಕೂಗಬಹುದು, ಇದು ಕೂಗುವುದಿಲ್ಲ ಎಂದರು. ಏಳು ವರ್ಷ ಆ ಕುಂಯ್ಯೋ ಕೇಳಿದವನಿಗೆ ಇನ್ನೇನು ಬೇಕು?

ಕಟ್ಟಿಕೊಡಿ ಎಂದೆ. ಡಬ್ಬಿ ಮುಚ್ಚುವ ಮುಂಚೆ ಅವರು ಕನ್ನಡಕದ ಮೇಲಿನಿಂದ ನೋಡಿ ಒಂದು ಮಾತು ಕೇಳಿದರು: "ನಿಮ್ಮ ಗಿಟಾರಿಗೆ ಹಾಕಿರೋದು ತಂತಿ ತಾನೆ?"

ನನಗೆ ನಗು ಬಂತು. ಗಿಟಾರಿಗೆ ತಂತಿಯಲ್ಲದೆ ಇನ್ನೇನು ಹಾಕುತ್ತಾರೆ, ಹೂವಿನ ಹಾರವೇ? "ತಂತಿನೇ ಸ್ವಾಮಿ, ಆರೂ ತಂತಿ" ಎಂದೆ. ಅವರು ಕೇಳಿದ್ದು ಲೋಹದ ತಂತಿಯೇ ಎಂದು. ನಾನು ಉತ್ತರ ಕೊಟ್ಟದ್ದು, ಗಿಟಾರಿನ ಮೇಲೆ ಬಿಗಿದದ್ದೆಲ್ಲ ನಮ್ಮ ಬಾಯಲ್ಲಿ ತಂತಿಯೇ ಅಲ್ಲವೇ ಎಂದು. ತಿಳಿದವರು ಈಗಾಗಲೇ ನಗುತ್ತಿರಬೇಕು. ನಗಿ, ನಗಿ.

ನಮ್ಮ ಮನೆಯಲ್ಲಿ ಆಂಪ್ಲಿಫೈಯರು ಎಲ್ಲಿಂದ ಬರಬೇಕು? ಮ್ಯಾಗ್ನೆಟ್ಟನ್ನು ಸಿಕ್ಕಿಸಿಕೊಂಡು, ವೈರನ್ನು ಎಲ್ಲಿಗೂ ಕೊಡದೆ, ಸುಮ್ಮನೆ ಅಭ್ಯಾಸ ಮಾಡಿದೆ. ಹೆಂಡತಿ ನೋಡಿ, "ಆಭರಣ ಆಕಿದ್ರಾ ಅದ್ಕೆ?" ಎಂದಳು. ದಿನಾ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದೆ. ಒರೆಸುವಾಗೆಲ್ಲ ನಾಗಮಂಗಲದಲ್ಲಿ ಆ ಹುಡುಗನ ಮುಖ ಹೇಗೆ ಬಾಡುತ್ತದೆ ಎಂದು ಕಲ್ಪಿಸಿಕೊಂಡು ಖುಷಿಪಡುತ್ತಿದ್ದೆ.

ರಾಜ್ಯೋತ್ಸವದ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ನಾಗಮಂಗಲದ ಮೈದಾನ ತುಂಬಿತ್ತು. ಅರಿಸಿನ ಕುಂಕುಮದ ಬಾವುಟ, ಶಾಲೆ ಮಕ್ಕಳು, ಪೇಟ ಸುತ್ತಿಕೊಂಡ ಸಂಘದವರು. ಮೈಕ್‌ಸೆಟ್ಟಿನವನು ಹಲೋ ಹಲೋ ಎಂದು ಐವತ್ತು ಸಲ ಹೇಳಿ ತನ್ನ ಧ್ವನಿಗೆ ತಾನೇ ಮೆಚ್ಚಿ ತಲೆದೂಗಿದ. ನಾನು ವೈರು ಕೊಟ್ಟೆ. ಅತಿ ದಪ್ಪನೆಯ ತಂತಿಯನ್ನು ಒಂದೇ ಒಂದು ಸಲ ಮೀಟಿದೆ. ಧುಮ್ಮ್! ಮರದ ಮೇಲಿದ್ದ ಕಾಗೆಗಳು ಎದ್ದುಹೋದವು. ಸಾಕು, ಇನ್ನು ಪರೀಕ್ಷೆ ಬೇಡ, ಮಿಕ್ಕದ್ದು ಆ ಹುಡುಗ ವೇದಿಕೆಯಲ್ಲೇ ಕೇಳಲಿ ಎಂದುಕೊಂಡೆ. ಅವನು ತನ್ನ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ನನ್ನ ಹೊಳೆಯುವ ಮ್ಯಾಗ್ನೆಟ್ಟನ್ನು ನೋಡಿ ಹುಬ್ಬು ಗಂಟಿಕ್ಕಿ ಏನೋ ಹೇಳಲು ಬಂದ. ಉರಿಯಲಿ ಇವನಿಗೂ ಸ್ವಲ್ಪ ಎಂದು ಮುಖ ತಿರುಗಿಸಿಕೊಂಡೆ.

ಮೊದಲ ಹಾಡಿಗೆ ಗಿಟಾರು ನನ್ನದೇ. ಯಜಮಾನರು ಹಾಡು ಎತ್ತುವ ಮುಂಚೆ ಬರೀ ಗಿಟಾರಿನ ಒಂದು ಎಳೆ ಇತ್ತು, ತೆಳ್ಳನೆಯ ಮೂರು ತಂತಿಗಳ ಮೇಲೆ. ಜನ ಸುಮ್ಮನಾದರು. ನುಡಿಸಿದೆ.

ಏನೂ ಬರಲಿಲ್ಲ.

ಇನ್ನೊಂದು ಸಲ ನುಡಿಸಿದೆ. ಮೈಕ್‌ಸೆಟ್ಟಿನವನು ಗುಂಡಿ ಏರಿಸಿದ, ಗುಂಯ್ ಎಂದು ಬರೀ ಗಾಳಿ ಬಂತು. ಕೈ ತಪ್ಪಿ ದಪ್ಪನೆಯ ತಂತಿಗೆ ತಗುಲಿದರೆ ಧುಮ್ಮ್ ಎನ್ನುತ್ತಿತ್ತು, ಮತ್ತೆ ಮೌನ, ಮತ್ತೆ ಧುಮ್ಮ್. ಮಾತು ಬರುವವನ ಬಾಯಲ್ಲಿ ಮುಂದಿನ ಹಲ್ಲೇ ಇಲ್ಲದ ಹಾಗೆ. ಹಿಂದಿನಿಂದ ಯಾವನೋ ಕೂಗಿದ: "ಅಣ್ಣೋ, ಅರ್ಧ ಗಿಟಾರ ಮನೇಲೇ ಬುಟ್ಟು ಬಂದವ್ನೆ ಕಣ್ರಪ್ಪೋ!" ಮೈದಾನವೆಲ್ಲ ನಕ್ಕಿತು. ಶಾಲೆ ಮಕ್ಕಳು ಧುಮ್ಮ್ ಧುಮ್ಮ್ ಎಂದು ಅಣಕಿಸತೊಡಗಿದವು. ಯಜಮಾನರು ಮೈಕನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಆಗ ಆ ಹುಡುಗ ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಅಣ್ಣ, ಇದು ಗಾಳದ ದಾರ ಅಲ್ವಾ. ಮ್ಯಾಗ್ನೆಟ್ಟು ಕಬ್ಬುಣ ಇದ್ರೆ ತಾನೆ ಇಡ್ಕಳದು? ಬಿಲ್ಲೆ ಆದ್ರೆ ಮರ ಅದ್ರದುನ್ನೇ ಇಡ್ಕತದೆ. ಅದ್ಕೇ ಬ್ಯಾಡ ಅಂದಿದ್ದು ನಾನು" ಎಂದು ಪಿಸುಗುಟ್ಟಿದ. ಉತ್ತರಕ್ಕೆ ಕಾಯಲಿಲ್ಲ. ತನ್ನ ಗಿಟಾರನ್ನು ಮಡಿಲಿಗೆ ಎಳೆದುಕೊಂಡು ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತ. ಮೇಣವನ್ನು ಬೆರಳಲ್ಲಿ ಉಜ್ಜಿ ಮೆತ್ತಗೆ ಮಾಡಿ ನನ್ನ ಗಿಟಾರಿನ ಮೇಲೆ ಒತ್ತಿದ, ವೈರು ಬದಲಾಯಿಸಿದ. "ಈಗ ಬಾರ್ಸು" ಎಂದು ಎದ್ದುಹೋದ. ಅವನ ಗಿಟಾರು ಈಗ ಬರೀ ಮರ.

ನುಡಿಸಿದೆ. ಕೇಳಿತು! ಗಾಳದ ದಾರದ ಆ ಮೆತ್ತನೆಯ ನಾದ ಮೈದಾನದ ಕೊನೆಯವರೆಗೂ ಹೋಯಿತು. ಬೀಡಾ ಅಂಗಡಿಯ ಮುಂದೆ ನಿಂತವರು ಈ ಕಡೆ ತಿರುಗಿದರು. ಏಳು ವರ್ಷದಲ್ಲಿ ಮೊದಲ ಸಲ ನನ್ನ ಗಿಟಾರು ನನಗಿಂತ ದೊಡ್ಡದಾಗಿ ಕೇಳಿತು. ಕಣ್ಣಲ್ಲಿ ನೀರು ಬಂತು. ಯಜಮಾನರು ಹಾಡು ಎತ್ತಿದರು. ಪಲ್ಲವಿ ಮುಗಿಯಿತು, ಚರಣಕ್ಕೆ ಹೊರಳಿದೆವು.

ಚರಣದಲ್ಲಿ ಒಂದು ಕಾರ್ಡು, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿ, ಉಳಿದ ಬೆರಳುಗಳನ್ನು ಅದರ ಮುಂದೆ ಇಡಬೇಕು. ಅದು ನನಗೆ ಬರುವುದಿಲ್ಲ. ಎಂದೂ ಬಂದಿಲ್ಲ. ಕಲಿಯುವಾಗ ಬೆರಳು ನೋಯುತ್ತದೆ ಎಂದು ಬಿಟ್ಟೆ, ಮತ್ತೆ ಹಿಡಿಯಲಿಲ್ಲ. ಆ ಜಾಗ ಬಂದಾಗೆಲ್ಲ ಬೆರಳನ್ನು ಸುಮ್ಮನೆ ಮೇಲೆ ಇಟ್ಟಂತೆ ಮಾಡಿ ಕೈ ಬೀಸಿಬಿಡುತ್ತಿದ್ದೆ. ಚಪ್ಪರದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ, ಆದ್ದರಿಂದ ಅದೊಂದು ತಪ್ಪು ಎನ್ನುವುದೇ ನನಗೆ ಮರೆತುಹೋಗಿತ್ತು. ಏಳು ವರ್ಷದಿಂದ ಮಾಡಿದ ಹಾಗೆ ಆವತ್ತೂ ಮಾಡಿದೆ. ಟಪ್ ಟಪ್ ಎಂದು, ಒಣಗಿದ ಸೌದೆ ಮುರಿದ ಹಾಗೆ, ಸದ್ದು ಮೈದಾನದ ಕೊನೆಯವರೆಗೂ ಹೋಯಿತು. ಯಜಮಾನರ ಶ್ರುತಿ ತಪ್ಪಿತು. ಹಾಡುತ್ತಲೇ ತಿರುಗಿ ನನ್ನ ಎಡಗೈಯನ್ನು ನೋಡಿದರು. ಎರಡನೇ ಚರಣದಲ್ಲಿ ಮತ್ತೆ ಅದೇ ಜಾಗ, ಮತ್ತೆ ಟಪ್ ಟಪ್. ಈಗ ಅವರು ಆ ಜಾಗ ಬರುವುದನ್ನೇ ಕಾಯುತ್ತಾ ನೋಡುತ್ತಿದ್ದರು. ಮೂರನೇ ಚರಣದಲ್ಲಿ ನಾನು ಕೈಯನ್ನೇ ಎತ್ತಿಬಿಟ್ಟೆ.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ಪರದೆಯ ಮರೆಗೆ ಕರೆದರು. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಮೈಕನ್ನೋ ಮ್ಯಾಗ್ನೆಟ್ಟನ್ನೋ ಅಂಗಡಿಯವರನ್ನೋ ಬೈದು ಹಗುರಾಗುತ್ತಿದ್ದೆ. ಸದಾ ಉಪ್ಪುಕಾಗದದಂತಿದ್ದ ಅವರ ದನಿ ಆವತ್ತು ಮೆತ್ತಗಾಗಿತ್ತು.

"ಇಷ್ಟು ವರ್ಸ ನಿನ್ ಗಿಟಾರು ಕೇಳ್ಸಾಕಿಲ್ಲ ಅಂತ ಬೈತಿದ್ನಲ್ಲ. ಇವತ್ತು ಕೇಳುಸ್ತು ಕಣ್ಲಾ."

ಆ ಹುಡುಗ ಅಲ್ಲೇ ಪಕ್ಕದಲ್ಲಿ ತನ್ನ ಗಿಟಾರು ತಬ್ಬಿಕೊಂಡು ನಿಂತಿದ್ದ. ಕೊಡು ಎಂದು ಕೈ ಚಾಚಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನೇ ಬಿಲ್ಲೆ ಕಿತ್ತು ಅವನ ಕೈಗೆ ಇಟ್ಟೆ, ವೇದಿಕೆಯ ಮೇಲೆ ಮುಂದಿನ ಹಾಡಿಗೆ ಅವನನ್ನು ಕರೆಯುತ್ತಿದ್ದರು.